ಟರ್ಬೊ ಸರಿ, ಬಿಸಿ ಎಲ್ಲಿಗೆ ಹೋಗುತ್ತದೆ?

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಗಾಡಿ ಕಟ್ಟುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ, ನಿಮ್ಮದೊಂದೇ ಯಾಕೆ, ಎಲ್ಲ ಕನ್ನಡ ಪತ್ರಿಕೆಗಳಲ್ಲೂ ಎರಡೇ ಬಗೆಯ ಸುದ್ದಿ ಬರುತ್ತದೆ. ಒಂದರಲ್ಲಿ ಗುಜರಿ ಸಾಮಾನಿನಿಂದ ಕಾರು ಮಾಡಿದ ಹುಡುಗ, ಅವನ ಕೊರಳಿಗೆ ಹಾರ, ಪಕ್ಕದಲ್ಲಿ ಊರಿನ ಹಿರಿಯರು. ಇನ್ನೊಂದರಲ್ಲಿ ಪೊಲೀಸರು ರಸ್ತೆಯಲ್ಲಿ ಸಾಲಾಗಿ ಜೋಡಿಸಿದ ಸೈಲೆನ್ಸರ್‌ಗಳು, ಅವುಗಳ ಮೇಲೆ ಹತ್ತುತ್ತಿರುವ ರೋಡ್ ರೋಲರ್. ಹಾರ ಹಾಕಿಸಿಕೊಂಡ ಹುಡುಗ ಮಾರನೇ ದಿನ ತನ್ನ ಕಾರನ್ನು ಹೆದ್ದಾರಿಗೆ ತಂದರೆ ಸೀದಾ ಎರಡನೇ ಸುದ್ದಿಗೆ ಸೇರುತ್ತಾನೆ. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ನಾನು ದಾವಣಗೆರೆಯವನು. ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ. ಕಾರು ಕಂಪನಿಗೂ ನನಗೂ ಸಂಬಂಧವಿಲ್ಲ. ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿ ಒಂದು ಕಿಟ್ ಕಾರು ಕಟ್ಟಿದ್ದೇನೆ. ಅದಕ್ಕೆ ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ, ಹಾಕಿದ್ದೇನೆ. ಇಲ್ಲಿನ ಸರ್ಕಾರದ ಪರೀಕ್ಷೆಯಲ್ಲಿ ಪಾಸು ಮಾಡಿಸಿ, ನಂಬರ್ ಪ್ಲೇಟ್ ಹಾಕಿ, ವಿಮೆ ಕಟ್ಟಿ ಓಡಿಸುತ್ತಿದ್ದೇನೆ.

ನನ್ನ ಅಕ್ಕನ ಮಗ ಊರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಿಮ್ಮ ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗೆಲ್ಲ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ಕೊನೆಯ ಸಲ ಕಳಿಸಿದಾಗ ಕೆಳಗೆ ಬರೆದಿದ್ದ: "ಮಾವ, ನಮ್ಮ ಹಳೇ ಮಾರುತಿ 800ಕ್ಕೆ ಟರ್ಬೊ ಹಾಕಿದ್ರೆ ಎಷ್ಟು ಹಾರ್ಸ್‌ಪವರ್ ಬರುತ್ತೆ?" ನಿಮ್ಮ ವರದಿಗಾರರೂ ಅದನ್ನೇ ಕೇಳುತ್ತಾರೆ. ಎಷ್ಟು ಪವರ್, ಎಷ್ಟು ಸ್ಪೀಡ್, ಎಷ್ಟು ಮೈಲೇಜ್. ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಕಟ್ಟಿದ ಟರ್ಬೊ ಕಾರು ಉಳಿಯುವುದೂ ಸಾಯುವುದೂ ಆ ಒಂದು ಪ್ರಶ್ನೆಯ ಮೇಲೆ. ಈ ಪತ್ರ ಅದಕ್ಕಾಗಿ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಕತ್ತರಿ ಹಾಕಲೇಬೇಕಾದರೆ ನನ್ನ ಪರಿಚಯಕ್ಕೆ ಹಾಕಿ, ರೇಡಿಯೇಟರಿಗೆ ಹಾಕಬೇಡಿ.

ಕಿಟ್ ಕಾರು ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಸಣ್ಣ ಕಂಪನಿ ಚಾಸಿ, ಮೇಲಿನ ಬಾಡಿ, ಕೆಲವು ಬ್ರಾಕೆಟ್ಟುಗಳನ್ನು ಮಾರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟಿಯರಿಂಗ್ ಎಲ್ಲವನ್ನೂ ನಾವು ಒಂದು ಹಳೆಯ ಕಾರಿನಿಂದ ಬಿಚ್ಚಿ ಅದಕ್ಕೆ ಕೂರಿಸಬೇಕು. ಬ್ರಿಟನ್ನಿನಲ್ಲಿ ಇದು ಹಳೆಯ ಹುಚ್ಚು. ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ತಂದಿತು. ಪೂರ್ತಿ ಕಾರು ಕೊಂಡರೆ ತೆರಿಗೆ, ಬಿಡಿ ಭಾಗಗಳಾಗಿ ಕೊಂಡರೆ ಆ ತೆರಿಗೆ ಇಲ್ಲ. ಜನ ಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸಿದರು. ಇನ್ನೊಂದು ಕಥೆ ಹೇಳುತ್ತಾರೆ. ಜೋಡಿಸುವ ಸೂಚನೆ ಕೊಟ್ಟರೆ ತೆರಿಗೆ ಬೀಳುತ್ತದೆ ಅಂತ ಕಂಪನಿಯವರು ಬಿಚ್ಚುವ ಸೂಚನೆ ಕೊಡುತ್ತಿದ್ದರಂತೆ, ಗಿರಾಕಿ ಅದನ್ನು ಕೊನೆಯಿಂದ ಓದಿಕೊಳ್ಳಬೇಕಿತ್ತಂತೆ. 1973ರಲ್ಲಿ ವ್ಯಾಟ್ ಬಂತು, ತೆರಿಗೆಯ ಲಾಭ ಹೋಯಿತು. ಅದೇ ವರ್ಷ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಹೋಯಿತು. ಹುಚ್ಚು ಮಾತ್ರ ಹೋಗಲಿಲ್ಲ.

ನನ್ನ ಕಾರಿಗೆ ಎಂಜಿನ್ ಕೊಟ್ಟಿದ್ದು ಒಂದು ಮಾಜ್ದಾ ಎಂಎಕ್ಸ್-5. ಎರಡು ಸೀಟಿನ, ಮೇಲ್ಛಾವಣಿ ಮಡಚುವ ಕಾರು. 1989ರಿಂದ ಬರುತ್ತಿದೆ. ಎಂಜಿನ್ ಗಟ್ಟಿ, ಆದರೆ ಹಳೆಯ ಎಂಎಕ್ಸ್-5ಗಳ ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಮಳೆಯಂತೂ ಕೇಳಬೇಡಿ. ತುಕ್ಕು ಹಿಡಿದ ಕಾರು ವಾರ್ಷಿಕ ತಪಾಸಣೆಯಲ್ಲಿ ಫೇಲಾಗುತ್ತದೆ. ವೆಲ್ಡಿಂಗ್ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ. ಹಾಗಾಗಿ ಚೆನ್ನಾಗಿ ಓಡುವ ಎಂಜಿನ್ ಇರುವ ಸತ್ತ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ನನ್ನದು 1.8 ಲೀಟರಿನದು. ಮೂಲ ಕಾರು ಸುಮಾರು ಒಂದು ಟನ್ ತೂಗುತ್ತದೆ. ಕಟ್ಟಿದ ಮೇಲೆ ನನ್ನದು 700 ಕಿಲೋ ಒಳಗೇ ಇದೆ. ಇಷ್ಟು ಹಗುರ ಇರುವಾಗ ಟರ್ಬೊ ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಇರಲಿಲ್ಲ, ಹಾಕಿದೆ.

ಇನ್ನು ಬಿಸಿಯ ವಿಷಯ. ಎಂಜಿನ್ನಿಗೆ ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಸುಮಾರು ಒಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ. ಉಳಿದದ್ದನ್ನು ಮುಖ್ಯವಾಗಿ ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಚೆಲ್ಲಬೇಕು. 200 ಹಾರ್ಸ್‌ಪವರ್ ಅಂದರೆ ಸುಮಾರು 150 ಕಿಲೋವ್ಯಾಟ್. ಪೂರ್ತಿ ಕಾಲು ಒತ್ತಿದಾಗ ನೀರಿಗೆ ಬೀಳುವ ಬಿಸಿಯೇ 100 ಕಿಲೋವ್ಯಾಟಿನ ಆಸುಪಾಸು ಇರುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್‌ಗಳನ್ನು ಐವತ್ತು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಸ್ವಿಚ್ ಹಾಕಿ. ಅಷ್ಟು. ಆ ಎಂಜಿನ್ ಮೂಲದಲ್ಲಿ ಕೊಡುತ್ತಿದ್ದದ್ದು 130 ಹಾರ್ಸ್‌ಪವರಿನ ಆಸುಪಾಸು. ಪವರ್ ಏರಿಸಿದಷ್ಟೂ ಗೀಸರ್‌ಗಳೂ ಏರುತ್ತವೆ. ಹಳೆಯ ರೇಡಿಯೇಟರ್ ಮಾತ್ರ ಅಷ್ಟೇ ಇರುತ್ತದೆ.

ಎಂಎಕ್ಸ್-5ರ ಎಂಜಿನ್ನಿಗೆ ತನ್ನದೇ ಒಂದು ಕೊರತೆ ಇದೆ. ಈ ಎಂಜಿನ್ ಮೂಲದಲ್ಲಿ ಮಾಜ್ದಾ 323 ಎಂಬ ಕುಟುಂಬದ ಕಾರಿಗೆ ಮಾಡಿದ್ದು. ಅದರಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಒಂದು ತುದಿಯಲ್ಲಿ ವಾಟರ್ ಪಂಪ್, ಇನ್ನೊಂದು ತುದಿಯಲ್ಲಿ ಥರ್ಮೋಸ್ಟ್ಯಾಟ್, ಅಂದರೆ ನೀರು ಕಾದ ಮೇಲೆ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ನೀರು ಈ ಕಡೆ ಹೊಕ್ಕು, ನಾಲ್ಕೂ ಸಿಲಿಂಡರ್ ದಾಟಿ, ಆ ಕಡೆ ಹೊರಬರುತ್ತದೆ. ಎಂಎಕ್ಸ್-5ಕ್ಕೆ ತರುವಾಗ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದರು. ಥರ್ಮೋಸ್ಟ್ಯಾಟ್ ಇದ್ದ ತುದಿ ಹಿಂದೆ, ಎಂಜಿನ್ನಿಗೂ ಡ್ರೈವರಿಗೂ ನಡುವಿನ ಗೋಡೆಗೆ ಒತ್ತಿಕೊಂಡಿತು. ಜಾಗ ಇಲ್ಲ. ಹಾಗಾಗಿ ನೀರು ಹೊರಬರುವ ದಾರಿಯನ್ನೂ ಮುಂದಕ್ಕೇ ತಂದರು. ಈಗ ನೀರು ಮುಂದೆಯೇ ಹೊಕ್ಕು ಮುಂದೆಯೇ ಹೊರಬರುತ್ತದೆ. ಹಿಂದಿನ ನಾಲ್ಕನೇ ಸಿಲಿಂಡರಿಗೆ ಸಿಗುವ ನೀರು ಕಡಿಮೆ. ಕಂಪನಿಯವರೇನು ದಡ್ಡರಲ್ಲ. ಎಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಅನ್ನುತ್ತಾರೆ, ಅದರ ಕೆಳಗೆ ಕೂರುವ ತೆಳು ಹಾಳೆ ಹೆಡ್ ಗ್ಯಾಸ್ಕೆಟ್. ಅದರ ತೂತುಗಳನ್ನು ಹಿಗ್ಗಿಸಿ ಕುಗ್ಗಿಸಿ ಹಿಂದಕ್ಕೂ ನೀರು ಹೋಗುವಂತೆ ಮಾಡಿದರು. ಸಾಮಾನ್ಯ ಓಡಾಟಕ್ಕೆ ಅದು ಸಾಕು. ಟರ್ಬೊ ಹಾಕಿ ಜೋರಾಗಿ ಓಡಿಸಿದರೆ ಸಾಲದು. ಮೊದಲು ಬಿಸಿ ತಾಳದೆ ಹೋಗುವುದು ಆ ನಾಲ್ಕನೆಯದೇ.

ಇದಕ್ಕೆ ಟರ್ಬೊ ಹಾಕುವವರೆಲ್ಲ ಮಾಡುವ ಉಪಾಯ, ನೀರಿನ ದಾರಿಯನ್ನು ಮತ್ತೆ ಹಿಂದಕ್ಕೆ ಕೊಂಡೊಯ್ಯುವುದು. ಹೆಡ್ಡಿನ ಹಿಂಬದಿಯಿಂದ ನೀರು ತೆಗೆದು, ಅಲ್ಲೇ ಥರ್ಮೋಸ್ಟ್ಯಾಟ್ ಕೂರಿಸಿ, ಉದ್ದದ ಹೋಸ್ ಪೈಪಿನಲ್ಲಿ ಮುಂದಿನ ರೇಡಿಯೇಟರಿಗೆ ತರಬೇಕು. ಮುಂದಿದ್ದ ಹಳೆಯ ಬಾಯಿಯನ್ನು ಮುಚ್ಚಬೇಕು. ಬರೆದರೆ ನಾಲ್ಕು ಸಾಲು. ಕೈ ಹಾಕಿದರೆ ಗೊತ್ತಾಗುತ್ತದೆ, ನನ್ನ ಚಾಸಿಯಲ್ಲಿ ಎಂಜಿನ್ನಿಗೂ ಹಿಂದಿನ ತಗಡಿಗೂ ನಡುವೆ ಕೈಬೆರಳು ಆಡಿಸುವಷ್ಟೇ ಜಾಗ. ಎಂಜಿನ್ನನ್ನು ಚಾಸಿಯೊಳಗೆ ಕೂರಿಸುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಹುಡುಗರು ಗಮನಿಸಲಿ. ಹೀಟರ್ ಬೇಡ, ತೂಕ ಕಡಿಮೆಯಾಗಲಿ ಅಂತ ಹೀಟರಿನ ಪೈಪುಗಳನ್ನು ಕಿತ್ತು ಬಾಯಿ ಮುಚ್ಚಿಬಿಡುತ್ತಾರೆ. ಥರ್ಮೋಸ್ಟ್ಯಾಟ್ ತೆರೆಯಬೇಕಾದರೆ ಬಿಸಿ ನೀರು ಅದನ್ನು ಮುಟ್ಟಬೇಕು. ಅದು ಮುಚ್ಚಿರುವಾಗಲೂ ಸ್ವಲ್ಪ ನೀರು ಸುತ್ತುತ್ತಿರಬೇಕು. ಬಹಳ ಎಂಜಿನ್ನುಗಳಲ್ಲಿ ಆ ಸುತ್ತಾಟ ನಡೆಯುವುದು ಹೀಟರಿನ ಪೈಪಿನ ಮೂಲಕವೇ. ಅದನ್ನು ಮುಚ್ಚಿದರೆ ಎಂಜಿನ್ ಒಳಗೆ ಕುದಿಯುತ್ತಿದ್ದರೂ ಥರ್ಮೋಸ್ಟ್ಯಾಟಿಗೆ ಸುದ್ದಿ ಮುಟ್ಟುವುದಿಲ್ಲ. ಆಮೇಲೆ ತಟ್ಟನೆ ತೆರೆಯುತ್ತದೆ, ತಣ್ಣೀರು ನುಗ್ಗುತ್ತದೆ, ಮತ್ತೆ ಮುಚ್ಚುತ್ತದೆ. ಗೇಜಿನ ಮುಳ್ಳು ಮೇಲೆ ಕೆಳಗೆ ಆಡುತ್ತಿರುತ್ತದೆ. ಹೀಟರ್ ಬೇಡದಿದ್ದರೆ ಬೇಡ, ಎರಡು ಪೈಪನ್ನು ಒಂದಕ್ಕೊಂದು ಸೇರಿಸಿ ಸುತ್ತಾಟ ಉಳಿಸಿಕೊಳ್ಳಬೇಕು. ನಾನು ಹೀಟರ್ ಇಟ್ಟುಕೊಂಡೆ. ಇಲ್ಲಿನ ಪರೀಕ್ಷೆಯಲ್ಲಿ ಮುಂದಿನ ಗಾಜಿನ ಮಂಜು ಹೋಗಲಾಡಿಸುವ ವ್ಯವಸ್ಥೆ ಬೇಕೇ ಬೇಕು.

ಮುಂದಿನದು ಗಾಳಿ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಟರ್ಬೊ ಮಾಡುವುದೂ ಅದನ್ನೇ. ಹೊರಗೆ 20 ಡಿಗ್ರಿ ಇದ್ದಾಗ ಹೊರಗಿನ ಒತ್ತಡಕ್ಕಿಂತ 0.7 ಬಾರ್ ಜಾಸ್ತಿ ಒತ್ತಿದರೆ ಗಾಳಿ ಟರ್ಬೊದಿಂದ ಹೊರಬೀಳುವುದು ಸುಮಾರು 90 ಡಿಗ್ರಿಯಲ್ಲಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ, 38 ಡಿಗ್ರಿ ಅಂತ ಇಟ್ಟುಕೊಳ್ಳಿ, ಅದು 110ರ ಹತ್ತಿರ ಬರುತ್ತದೆ. ಇದನ್ನು ಹಾಗೇ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ಗಳಿಗೆಗಿಂತ ಮುಂಚೆ ತಾನೇ ಹೊತ್ತಿಕೊಳ್ಳುತ್ತದೆ. ಎಂಜಿನ್ ಒಳಗೆ ಸುತ್ತಿಗೆಯಲ್ಲಿ ಬಡಿದ ಸದ್ದು. ಸ್ವಲ್ಪ ಹೊತ್ತು ಹಾಗೇ ಓಡಿಸಿದರೆ ಪಿಸ್ಟನ್ ಕಥೆ ಮುಗಿಯಿತು. ಅದಕ್ಕೇ ನಡುವೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಡುವುದು.

ಸಾಮಾನ್ಯವಾಗಿ ಅದನ್ನು ರೇಡಿಯೇಟರಿನ ಮುಂದೆ ಇಡುತ್ತಾರೆ. ನನ್ನ ಕಾರಿನ ಮೂತಿ ಸಣ್ಣದು. ಇಂಟರ್‌ಕೂಲರ್ ಮುಂದೆ ಇಟ್ಟರೆ ಅದು ಬಿಸಿ ಮಾಡಿದ ಗಾಳಿಯೇ ರೇಡಿಯೇಟರಿಗೆ ಸಿಗುವುದು, ಅದೂ ಅರ್ಧ ತಡೆದು. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಟರ್ಬೊ ಗಾಳಿಯನ್ನು ಎಂಜಿನ್ ಪಕ್ಕದಲ್ಲೇ ನೀರಿನಿಂದ ತಣಿಸುವ ಒಂದು ಪೆಟ್ಟಿಗೆ. ಇಲ್ಲಿ ಚಾರ್ಜ್ ಕೂಲರ್ ಅನ್ನುತ್ತಾರೆ. ಅದರ ನೀರಿಗೆ ಬೇರೆ ಪಂಪು, ಬೇರೆ ಸಣ್ಣ ರೇಡಿಯೇಟರ್, ಮೂತಿಯ ಕೆಳಗೆ ನೆಲಕ್ಕೆ ಹತ್ತಿರ. ಎಂಜಿನ್ನಿನ ನೀರು 90 ಡಿಗ್ರಿ ಇರಬೇಕಾದದ್ದು. ಇದು ಹೊರಗಿನ ಗಾಳಿಯಷ್ಟೇ ತಣ್ಣಗಿರಬೇಕಾದದ್ದು. ಎರಡನ್ನೂ ಬೆರೆಸುವಂತಿಲ್ಲ. ಒಂದು ಕಿಲೋ ನೀರು ಒಂದು ಕಿಲೋ ಗಾಳಿಗಿಂತ ನಾಲ್ಕು ಪಟ್ಟು ಬಿಸಿ ನುಂಗುತ್ತದೆ. ಓವರ್‌ಟೇಕ್ ಮಾಡಲು ಹತ್ತು ಸೆಕೆಂಡ್ ಜೋರಾಗಿ ಹೊಡೆದರೆ ಆ ಬಿಸಿಯನ್ನು ನೀರು ನುಂಗಿಕೊಂಡು, ಆಮೇಲೆ ನಿಧಾನಕ್ಕೆ ಹೊರಹಾಕುತ್ತದೆ. ಇಲ್ಲಿನ ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ್ದು. ಆದರೆ ಇದೇ ಕಾರನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಲ್ಲಿಸಿ ನೋಡಿ. ಬಾನೆಟ್ ಒಳಗಿನ ಬಿಸಿಗೆ ಆ ನೀರೇ ಕಾದು ಕೂತಿರುತ್ತದೆ. ಫ್ಯಾನ್ ಇಲ್ಲದ ರೇಡಿಯೇಟರ್ ಅಲ್ಲಿ ಬರೀ ಅಲಂಕಾರ. ಅದಕ್ಕೇ ಹೇಳುವುದು, ಇಲ್ಲಿನ ಹುಡುಗ ಯೂಟ್ಯೂಬಿನಲ್ಲಿ ಮಾಡಿದ್ದನ್ನು ಕಲಬುರಗಿಯ ಹುಡುಗ ಹಾಗೇ ಮಾಡಬಾರದು. ಅವನ ಲೆಕ್ಕ ಅವನ ಊರಿನ ಬಿಸಿಲಿಂದ ಶುರುವಾಗಬೇಕು.

ಈ ವಿಷಯದಲ್ಲಿ ನನ್ನ ಗುರು ನನ್ನ ಸೋದರಮಾವ. ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುತ್ತಿದ್ದರು. ಹಿತ್ತಾಳೆ ಟ್ಯಾಂಕ್, ನೀರು ಹಾಯುವ ತಾಮ್ರದ ಜಾಲರಿ ಅಂದರೆ ಕೋರ್, ಬೆಸುಗೆ ಹಾಕುವ ದೀಪ, ನೀರು ತುಂಬಿದ ದೊಡ್ಡ ತೊಟ್ಟಿ. ರೇಡಿಯೇಟರಿನ ಬಾಯಿಗಳನ್ನು ಮುಚ್ಚಿ, ಗಾಳಿ ಕೊಟ್ಟು, ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ತೂತು. ಸ್ಕೂಲಿಗೆ ರಜಾ ಇದ್ದರೆ ಗುಳ್ಳೆ ನೋಡುವುದು ನನ್ನ ಕೆಲಸ. ನಾನು ಕಾರು ಕಟ್ಟಲು ಹೊರಟಾಗ ವಿಡಿಯೋ ಕಾಲಿನಲ್ಲಿ ಮೂತಿಯ ಅಳತೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಗಾಳಿ ಬರೋದು ಕಾಣ್ತೈತಪ್ಪ, ಹೋಗೋದೆಲ್ಲಿ?"

ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ರೇಡಿಯೇಟರಿನ ಮುಂದೆ ಎಷ್ಟು ದೊಡ್ಡ ಬಾಯಿ ಕೊರೆದರೂ ಅದರ ಹಿಂದೆ ಗಾಳಿ ಹೊರಬೀಳಲು ದಾರಿ ಇಲ್ಲದಿದ್ದರೆ ಒಳಗೆ ಬರುವುದೇ ಇಲ್ಲ, ಪಕ್ಕದಿಂದ ನುಣುಚಿಕೊಂಡು ಹೋಗುತ್ತದೆ. ಹಾಗಾಗಿ ಮೂತಿಯಿಂದ ರೇಡಿಯೇಟರಿನವರೆಗೆ ಅಲ್ಯುಮಿನಿಯಂ ತಗಡಿನ ಗೂಡು ಮಾಡಿ, ಅಂಚಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದೆ. ಬಂದ ಗಾಳಿ ಕೋರಿನ ಮೂಲಕವೇ ಹೋಗಬೇಕು. ಹಿಂದೆ ಬಾನೆಟ್ಟಿನ ಮೇಲೆ ಮತ್ತು ಎರಡೂ ಪಕ್ಕ ಕಿಂಡಿ ಕೊರೆದೆ. ಫ್ಯಾನನ್ನು ಕೋರಿನ ಹಿಂಬದಿಗೆ, ಎಳೆಯುವ ಹಾಗೆ ಕೂರಿಸಿದೆ.

ಇಲ್ಲಿನ ಒಂದು ಅಂಗಡಿಯಲ್ಲಿ ಹೇಳಿ ಮಾಡಿಸಿದ ನೀರಿನ ಟ್ಯಾಂಕಿನ ಬೆಸುಗೆ ಸೋರುತ್ತಿತ್ತು. ಹೆಸರು ಬೇಡ. ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿ ಗುಳ್ಳೆ ತೋರಿಸಿದ ಮೇಲೆ ಸುಮ್ನೆ ವಾಪಸ್ ತೆಗೆದುಕೊಂಡರು. ಪಕ್ಕದ ಮನೆಯ ಅಜ್ಜ ಗೋಡೆಯಾಚೆಯಿಂದ ಅದನ್ನೆಲ್ಲ ನೋಡುತ್ತಿದ್ದರು. ಅವರು ಹುಡುಗರಾಗಿದ್ದಾಗ ಇದೇ ಊರಿನ ಕ್ಯಾನ್ಲಿಯಲ್ಲಿದ್ದ ಟ್ರಯಂಫ್ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಂದಿನಿಂದ ನನಗೆ ಟೀ ಜೊತೆ ಸಲಹೆಯೂ ಸಿಗತೊಡಗಿತು. ಟೀ ಚೆನ್ನಾಗಿರಲಿಲ್ಲ.

ಆ ಟ್ಯಾಂಕ್ ಯಾಕೆ ಮುಖ್ಯ ಅಂದರೆ, ನೀರಿನ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಅದೇ ಇರಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಮೇಲಕ್ಕೆ ಏರಿ ಅಲ್ಲಿಗೆ ಬರಬೇಕು. ಗಾಳಿ ಹೆಡ್ಡಿನಲ್ಲೇ ಉಳಿದರೆ ಅಷ್ಟು ಜಾಗಕ್ಕೆ ನೀರಿಲ್ಲ, ಅಲ್ಲಿ ಲೋಹ ಕಾಯುತ್ತದೆ. ಟರ್ಬೊಗೂ ಇದರಿಂದ ಒಂದು ಉಪಕಾರ ಇದೆ. ಟರ್ಬೊದ ಒಳಗೆ ಹಾಯುವ ಹೊಗೆ 800 ಡಿಗ್ರಿ ದಾಟಿರುತ್ತದೆ. ಎಂಜಿನ್ ಆಫ್ ಮಾಡಿದ ತಕ್ಷಣ ಎಣ್ಣೆಯ ಹರಿವು ನಿಲ್ಲುತ್ತದೆ. ಬೇರಿಂಗಿನಲ್ಲಿ ನಿಂತ ಎಣ್ಣೆ ಕರಿದು ಕರಕಾಗುತ್ತದೆ. ನೀರಿನಿಂದ ತಣಿಯುವ ಟರ್ಬೊದಲ್ಲಿ ಪೈಪುಗಳನ್ನು ಏರುಮುಖವಾಗಿ ಎತ್ತರದ ಟ್ಯಾಂಕಿಗೆ ಸೇರಿಸಿದರೆ ಪಂಪು ನಿಂತ ಮೇಲೂ ಬಿಸಿ ನೀರು ತಾನಾಗೇ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಕರೆಂಟು ಬೇಡ, ಪಂಪು ಬೇಡ. ಇನ್ನು ಟರ್ಬೊದ ಎಣ್ಣೆ ಕೆಳಗೆ ಇಳಿಯುವ ಪೈಪು ದಪ್ಪಗಿರಬೇಕು, ಎಲ್ಲೂ ತಗ್ಗಿ ಮತ್ತೆ ಏರಬಾರದು. ಅದು ಇಳಿಯುವುದು ಬರೀ ತನ್ನ ಭಾರಕ್ಕೆ.

ಗೇಜನ್ನೂ ಪೂರ್ತಿ ನಂಬಬೇಡಿ. ನೀರಿನ ಉಷ್ಣ ತೋರಿಸುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ಪೈಪು ಒಡೆದು ನೀರೆಲ್ಲ ಚೆಲ್ಲಿಹೋದರೆ ಅದು ಬರೀ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಮುಳ್ಳು ಏರದೆ ಇರಬಹುದು, ಎಂಜಿನ್ ಸೀಜ್ ಆಗಿರುತ್ತದೆ. ನಾನು ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಬೇರೆ ಸೆನ್ಸರ್ ಇಟ್ಟು, ಕೆಂಪು ದೀಪ ಹಾಕಿದ್ದೇನೆ. ದುಬಾರಿ ಏನಲ್ಲ.

2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ನಿನ ಇತಿಹಾಸದಲ್ಲೇ ಜಾಸ್ತಿ. ರೈಲುಗಳು ನಿಂತವು, ಜನ ಮನೆಯೊಳಗೆ ಅವಿತರು. ನಾನು ಕಾರನ್ನು ಅಂಗಳಕ್ಕೆ ತಂದು ಸ್ಟಾರ್ಟ್ ಮಾಡಿ ನಿಲ್ಲಿಸಿದೆ. ಇಂಥ ದಿನ ಇಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಚಲಿಸದೆ ನಿಂತ ಕಾರು, ಬಳ್ಳಾರಿಯ ಬಿಸಿಲು. ಫ್ಯಾನ್ ಓಡಿತು, ನಿಂತಿತು, ಮತ್ತೆ ಓಡಿತು. ಮುಳ್ಳು ನೂರು ದಾಟಲಿಲ್ಲ. ಚಾರ್ಜ್ ಕೂಲರಿನ ನೀರು ಮಾತ್ರ ಏರುತ್ತಲೇ ಹೋಯಿತು. ಅದಕ್ಕೂ ಒಂದು ಸಣ್ಣ ಫ್ಯಾನ್ ಬಂದಿದ್ದು ಆಮೇಲೆ. "ಊರಲ್ಲಿ ಬಿಸಿಲು ಅಂತ ಇಲ್ಲಿಗೆ ಬಂದು, ಇಲ್ಲಿ ಬಿಸಿಲು ಬಂದ್ರೆ ಹಬ್ಬ ಮಾಡ್ತೀರಲ್ಲ" ಅಂತ ಮನೆಯವಳು ಬೈದಳು.

ಈಗ ಪರೀಕ್ಷೆಯ ವಿಷಯ. ಸಂಪಾದಕರೇ, ನಿಮ್ಮ ಪತ್ರಿಕೆಗೆ ನಿಜವಾಗಿ ಬೇಕಾದ ಸುದ್ದಿ ಇದು. ಇಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರಿಗೂ ಸರ್ಕಾರದ ಪರೀಕ್ಷೆ ಇದೆ. 1998ರಲ್ಲಿ ಒಂದು ರೂಪದಲ್ಲಿ ಶುರುವಾಗಿ, 2009ರಿಂದ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್, ಅಂದರೆ ಐವಿಎ, ಎಂಬ ಹೆಸರಲ್ಲಿ ನಡೆಯುತ್ತಿದೆ. ಕಟ್ಟಿದ್ದು ನಾವೇ ಎನ್ನುವುದಕ್ಕೆ ಫೋಟೋ, ರಸೀದಿ ಇಟ್ಟುಕೊಂಡಿರಬೇಕು. ಅಧಿಕಾರಿ ಕಾರಿನ ಅಡಿ ಹೊಕ್ಕು ಟಾರ್ಚ್ ಹಿಡಿದು ನೋಡುತ್ತಾರೆ. ಬ್ರೇಕಿನ ಪೈಪಿಗೆ ಅಲ್ಲಲ್ಲಿ ಹತ್ತಿರ ಹತ್ತಿರ ಹಿಡಿಕೆ ಹಾಕಿದೆಯಾ, ತಿರುವಿನಲ್ಲಿ ಕೈ ಬಿಟ್ಟರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದಾ, ಸ್ಪೀಡೋಮೀಟರ್ ಕಡಿಮೆ ತೋರಿಸಿ ಮೋಸ ಮಾಡುತ್ತದಾ, ದಾರಿಹೋಕರಿಗೆ ತಗಲುವ ಜಾಗದಲ್ಲಿ ಚೂಪು ಅಂಚು ಇದೆಯಾ. ಎಂಜಿನ್ ಯಾವ ಕಾಲದ್ದೋ ಆ ಕಾಲದ ಹೊಗೆ ನಿಯಮ. ಸೈಲೆನ್ಸರಿನ ಸದ್ದು 99 ಡೆಸಿಬೆಲ್ ದಾಟಬಾರದು. ಅರ್ಧ ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ.

ಆ ಸದ್ದಿನ ಪರೀಕ್ಷೆಯಲ್ಲಿ ನನಗೆ ತೊಂದರೆಯೇ ಆಗಲಿಲ್ಲ. ಹೊಗೆ ಟರ್ಬೊದ ಚಕ್ರ ತಿರುಗಿಸಿ ಹೊರಬರುವಷ್ಟರಲ್ಲಿ ಅದರ ಅಬ್ಬರ ಅರ್ಧ ಇಳಿದಿರುತ್ತದೆ. ಸೈಲೆನ್ಸರ್ ಕಿತ್ತು ಊರೆಲ್ಲ ಎಬ್ಬಿಸುವ ನಮ್ಮ ಹುಡುಗರು ಇದನ್ನು ತಿಳಿದುಕೊಳ್ಳಲಿ. ನಿಜವಾಗಿ ಪವರ್ ಏರಿಸಿದ ಗಾಡಿ ಅವರ ಗಾಡಿಗಿಂತ ಮೆಲ್ಲಗೆ ಮಾತಾಡುತ್ತದೆ.

ಐವಿಎ ಎಲ್ಲವನ್ನೂ ನೋಡುತ್ತದೆ ಅಂತಲ್ಲ. ಕಾರನ್ನು ಗೋಡೆಗೆ ಗುದ್ದಿಸಿ ನೋಡುವುದಿಲ್ಲ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಅದು ನನಗೆ ಗೊತ್ತು, ಹಾಗೇ ಓಡಿಸುತ್ತೇನೆ. ಇನ್ನು ಕೂಲಿಂಗ್ ಚೆನ್ನಾಗಿದೆಯಾ ಅಂತಲೂ ಯಾರೂ ಅಂಕ ಕೊಡುವುದಿಲ್ಲ. ಆದರೆ ಬಿಸಿ ಪೈಪಿನ ಪಕ್ಕದಲ್ಲಿ ಪೆಟ್ರೋಲ್ ಪೈಪು ಹಾದುಹೋಗಿದ್ದರೆ ಆ ಟಾರ್ಚ್ ಹಿಡಿದವರು ಬಿಡುವುದಿಲ್ಲ.

ನಮ್ಮಲ್ಲಿ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊಸ ಮಾದರಿ ತರಬೇಕಾದರೆ ಪುಣೆಯ ಎಆರ್‌ಎಐ ತರಹದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಸಾವಿರಾರು ಕಾರು ಮಾರುವ ಕಂಪನಿಗೆ ಇರುವ ದಾರಿ. ಶೆಡ್ಡಿನಲ್ಲಿ ಒಂದು ಕಾರು ಕಟ್ಟಿದವನು ಅಲ್ಲಿಗೆ ಹೋಗಿ ಏನು ಮಾಡುತ್ತಾನೆ? ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಬಾಹಾ, ಫಾರ್ಮುಲಾ ಭಾರತ್ ಸ್ಪರ್ಧೆಗಳಿಗೆ ಎಷ್ಟು ಚೆಂದದ ಗಾಡಿ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಅವು ವರ್ಕ್‌ಶಾಪಿನ ಮೂಲೆ ಸೇರುತ್ತವೆ.

ಕೋರ್ಟ್ ಹೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಲಿ ಅಂದರೆ ಸಾಯುವವರು ಪಾಪದ ದಾರಿಹೋಕರು. ನಾನು ಕೇಳುತ್ತಿರುವುದು ಪರೀಕ್ಷೆ. ಅದು ನಮಗೆ ಹೊಸದೂ ಅಲ್ಲ. ಪೆಟ್ರೋಲ್ ಕಾರಿಗೆ ಅನುಮೋದಿತ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸುವ ದಾರಿ ಇದ್ದೇ ಇದೆ. 50 ವರ್ಷ ದಾಟಿದ ಹಳೆಯ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ಮಾಡಿತು. ಅವಕ್ಕೆ ವಿಎ ಅಕ್ಷರದ ಪ್ರತ್ಯೇಕ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಹವ್ಯಾಸಿಗಳಿಗಾಗಿ ನಿಯಮ ಬರೆಯಲು ಸರ್ಕಾರಕ್ಕೆ ಬರುತ್ತದೆ, ಅಲ್ವಾ? ಹಳೆಯ ಕಾರು ಇಟ್ಟುಕೊಂಡ ಶ್ರೀಮಂತರಿಗೆ ಸಿಕ್ಕಿದ್ದು, ಹೊಸದು ಕಟ್ಟುವ ಹುಡುಗನಿಗೂ ಸಿಗಲಿ. ವರ್ಷಕ್ಕೆ ಇಷ್ಟೇ ಕಾರು, ಇಷ್ಟೇ ಓಡಾಟ, ಇಂಥ ಕಡೆ ಮಾತ್ರ ಎಂದು ಕಟ್ಟಲೆ ಹಾಕಲಿ. ಶುಲ್ಕ ತೆಗೆದುಕೊಳ್ಳಲಿ. ಟಾರ್ಚ್ ಹಿಡಿದು ಅಡಿಗೆ ಹೊಕ್ಕು ನೋಡುವ ಒಬ್ಬ ಅಧಿಕಾರಿಯನ್ನು ಕೊಡಲಿ. ಫೇಲಾದರೆ ಯಾಕೆ ಫೇಲು ಅಂತ ಬರೆದು ಕೊಡಲಿ. ನನಗಿಲ್ಲಿ ಅಧಿಕಾರಿ ಕೊಟ್ಟ ಚೀಟಿಯಲ್ಲಿದ್ದ ಪ್ರತಿ ಸಾಲೂ ಸರಿಯಾಗಿತ್ತು ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ಕಷ್ಟವೇನಿಲ್ಲ.

ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರವನ್ನೂ ಹೇಳುತ್ತೇನೆ, ಅವನಂಥವರು ನಿಮ್ಮ ಓದುಗರಲ್ಲಿ ಬಹಳ ಜನ ಇರಬಹುದು. ಮಾರುತಿ 800ಕ್ಕೆ ಟರ್ಬೊ ಬೇಡಪ್ಪ. ಆ ಬ್ರೇಕು, ಆ ಟೈರು ಅದನ್ನು ತಡೆಯುವುದಿಲ್ಲ, ಕಾನೂನೂ ಬಿಡುವುದಿಲ್ಲ. ಅದರ ಬದಲು ಆ ಎಂಜಿನ್ನನ್ನು ಬಿಚ್ಚಿ, ನೀರು ಎಲ್ಲಿಂದ ಹೊಕ್ಕು ಎಲ್ಲಿ ಹೊರಬರುತ್ತದೆ ಅಂತ ಚಿತ್ರ ಬರಿ. ರೇಡಿಯೇಟರ್ ಅಂಗಡಿಗೆ ಹೋಗಿ ಕೂತು ನೋಡು. ಕಾಲೇಜಿನ ತಂಡಕ್ಕೆ ಸೇರು, ಅಲ್ಲಿ ಟ್ರ್ಯಾಕ್ ಇದೆ, ನೋಡುವವರಿದ್ದಾರೆ. ಅವನಿಗೆ ಇದು ಹಿಡಿಸಲಿಲ್ಲ. ಎರಡು ದಿನ ಮೆಸೇಜಿಗೆ ಉತ್ತರ ಬರಲಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಮನೆಯಲ್ಲಿ ಕಾರು ಕಟ್ಟಿದ ಹುಡುಗ ಸಿಕ್ಕಾಗ ವರದಿಗಾರರು ಬಾನೆಟ್ ತೆಗೆಸಿ ರೇಡಿಯೇಟರಿನದ್ದೂ ಒಂದು ಫೋಟೋ ತೆಗೆಯಲಿ, ಗಾಳಿ ಹೋಗುವ ದಾರಿ ಕೇಳಲಿ. ಆಮೇಲೆ ಅದೇ ವರದಿ ಹಿಡಿದು ಸಾರಿಗೆ ಇಲಾಖೆಗೆ ಹೋಗಿ, ಈ ಕಾರು ರಸ್ತೆಗೆ ಬರಬೇಕಾದರೆ ಇವನು ಯಾವ ಅರ್ಜಿ ತುಂಬಬೇಕು ಅಂತ ಕೇಳಲಿ. ಉತ್ತರ ಏನು ಬಂದರೂ ಹಾರದ ಫೋಟೋ ಪಕ್ಕದಲ್ಲೇ ಹಾಕಿ.

ಇತಿ,
ನಿಮ್ಮ ಓದುಗ
ಕೊವೆಂಟ್ರಿ (ಊರು ದಾವಣಗೆರೆ)